ಪಂಪ್‌ಹೌಸಿನಿಂದ ಕ್ಯಾಂಪಿಗೆ

ಮಾಳಿಂಗ, ಬೂಟಿನ ಲಾಡಿ ಮೊದಲು ಬಿಗಿ.
ಇಲ್ಲಿಂದ ಕ್ಯಾಂಪಿಗೆ ಎರಡು ಸಾವಿರದ ನಾನೂರು ಹೆಜ್ಜಿ,
ಎಣಿಸೀನಿ. ಮಂಜು ಬಿದ್ದ ರಾತ್ರಿ ಮೂರು ಸಾವಿರ,
ಯಾಕಂದ್ರ ಮಂಜಿನ್ಯಾಗ ಕಾಲು ಸಣ್ಣ ಆಗತಾವ.

ಗಲ್ಫ್ ಅಂದ್ರ ಬರೇ ಉಸುಕು ಅಂತ ಹೇಳಿ ಕಳಿಸಿರತಾರ ನಿನಗ.
ನನಗೂ ಹಂಗ ಹೇಳಿದ್ರು.
ಸಲಾಲಾದ ಬೆನ್ನಿಗೆ ನಿಂತ ಈ ಬೆಟ್ಟ
ಜುಲೈ ಬಂತಂದ್ರ ಹಸಿರು ಹೊದ್ದು ಕೂಡತೈತಿ,
ಸೂರ್ಯಾಗ ಎರಡು ತಿಂಗಳು ರಜಾ.
ಕೆಸರಿಗೆ ಹೆದರಿ ಒಂಟಿ ಬಯಲಿಗೆ ಇಳೀತಾವ.
ತೋಳ ಇಳಿಯೂದಿಲ್ಲ.

ನಗಬ್ಯಾಡ.
ಕುರಿ ಹಿಂದ ಬೆಳದವ ನೀನು, ತೋಳ ಗೊತ್ತು ಅಂತಿ.
ಅಲ್ಲಿ ತೋಳ ಬಂದಾಗ
ಆ ಕಡೆ ತೋಳ, ಈ ಕಡೆ ನೀನು, ನಡುವ ಕುರಿ.
ಇಲ್ಲಿ ನಡುವ ಕುರಿ ಇಲ್ಲ.

ಓಡಬ್ಯಾಡ.
ಓಡೂದು ಅದರ ಕಣ್ಣಿಗೆ ಊಟ,
ನಿಂತದ್ದು ಒಂದು ಸಂಶಯ.
ನೀನು ಸಂಶಯ ಆಗಿರು.

ಕಿವ್ಯಾಗಿನ ವೈರು ತಗದಿಡು;
ಹಾಡು ಊರಿಂದ ಬರತೈತಿ, ಉಸಿರು ಹಿಂದಿನಿಂದ.
ಒಬ್ಬನ ಇದ್ರೂ ಮಾತಾಡಕೋತ ನಡಿ,
ಸಾಲದ ಲೆಕ್ಕ ಆದ್ರೂ ಸೈ, ಜೋರಾಗಿ ಹೇಳು.

ಬೆನ್ನು ಕೊಡಬ್ಯಾಡ. ಇದನ್ನ ಕಲಿಸಿದವ ಮುಸಲ್ಲಂ,
ಹನ್ನೊಂದು ಆಕಳ ಒಡೆಯ.
ಅವನದು ಅರಬೀನೂ ಅಲ್ಲ, ಬೆಟ್ಟದ್ದ ಒಂದು ಬ್ಯಾರೆ ಮಾತು,
ಅದರಾಗ ನನಗ ತಿಳಿಯೂದು ಅವನ ಕೈ ಅಷ್ಟ.
ಎರಡು ಬೆರಳು ತನ್ನ ಕಣ್ಣಿಗೆ ಹಚ್ಚಿ
ಆಮ್ಯಾಲ ಕತ್ತಲಿಗೆ ಹಚ್ಚಿದ.
ಆಮ್ಯಾಲ ಹಿಂದಹಿಂದಕ ನಡದ, ನಿಧಾನ,
ಹಿರೇರ ಮುಂದಿಂದ ಎದ್ದು ಬರೂ ಹೊಸ ಸೊಸಿ ಹಂಗ.
ಕಲ್ಲು ಆರಿಸಾಕ ಬಗ್ಗಿ ತೋರಿಸಿ, ತಲಿ ಅಲ್ಲಾಡಿಸಿದ.
ಬಗ್ಗಿದವ ಸಣ್ಣವ.
ಕಲ್ಲು ಮೊದಲ ಕಿಸೇದಾಗ ಇರಬೇಕು.

ಕಂಪನಿ ಫಾರ್ಮಿನ್ಯಾಗ ಹೆಲ್ಮೆಟ್ ಐತಿ, ಬಿಸಿಲು ಐತಿ,
ಹಾವಿಗೂ ಒಂದು ಖಾನೆ ಐತಿ.
ಕಡೀಗೆ ‘ಇತರೆ’ ಅಂತ ಅರ್ಧ ಸಾಲು.
ಅದರಾಗ ಬರದು ಕೊಟ್ಟೆ. ತಿರುಗಿ ಬಂತು,
ಕೆಂಪು ಶಾಯಿ: ಸ್ಪಷ್ಟವಾಗಿ ನಮೂದಿಸಿ.

ಸ್ಪಷ್ಟ ಏನಿತ್ತು ಅವತ್ತು?
ಮಂಜು. ಸತ್ತ ಬ್ಯಾಟರಿ.
ಪೈಪಿನ ಹತ್ರ ಬಾಗಿದ್ದ ಒಂದು ಬೂದಿ ಬಣ್ಣ,
ನಾನು ನಿಂತ ಮ್ಯಾಲ ಅದೂ ನಿಂತಿತು.
ತೋಳ ಹಳ್ಳಕ್ಕ ಬಿದ್ರ ಆಳಿಗೊಂದು ಕಲ್ಲು ಅಂತಾರ.
ಹಳ್ಳದಾಗ ನಾನ ಇದ್ದೆ,
ಆಳು ಅನ್ನಾಕ ಮತ್ತೊಬ್ಬರಿಲ್ಲ.

ಮೈಮ್ಯಾಲಿನ ಜಾಕೀಟು ಬಿಚ್ಚಿ ಎರಡೂ ಕೈಲೆ ಎತ್ತಿ ಹಿಡದೆ,
ಅದರ ಬೆಳ್ಳಿ ಪಟ್ಟಿ ಎಲ್ಲಿದೋ ಬೆಳಕು ಹಿಡದು ಮಿಂಚಿದ್ವು.
ನಾನು ಒಂದೂವರಿ ಆಳು ಎತ್ತರ ಆದೆ.
ಒದರಬೇಕಿತ್ತು. ಒದರಿದೆ.
ಆದ್ರ ಬಾಯಿಗೆ ಬಂದದ್ದು ಯಾವುದು ಗೊತ್ತೇನು,
ತೋಳ ಬೆದರಿಸೂ ಕೂಗಲ್ಲ,
ಸಂಜಿಮುಂದ ಕುರಿ ಹಟ್ಟಿಗೆ ಕರಿಯೂ ಕೂಗು!
ಬಾ ಬಾ ಬಾ ಅಂತ,
ಇಪ್ಪತ್ತು ವರ್ಷ ನಾಲಿಗಿ ಕೆಳಗ ಮಲಗಿದ್ದು.

ಅದು ಕಿವಿ ಎತ್ತಿತು. ತಲಿ ಒಂದು ಕಡೆ ವಾಲಿಸಿತು.
ಅದನ್ನ ಯಾರೂ ಅಲ್ಲೀತನಕ ಕರದಿರಲಿಲ್ಲ ಕಾಣಸ್ತೈತಿ.
ಆಮ್ಯಾಲ ಮಂಜು ಇತ್ತು, ಅದು ಇರಲಿಲ್ಲ.

ಉಳಿದ ಎಂಟುನೂರು ಹೆಜ್ಜಿ ಹಿಂದಹಿಂದಕ ನಡದೆ.
ಕ್ಯಾಂಪಿನ ಬಾಗಿಲಾನೂ ಬೆನ್ನಿಲೇ ದೂಡಿದೆ.
ಸಿಲ್ಹೆಟ್ಟಿನ ರುಕನುದ್ದೀನ್ ರೊಟ್ಟಿ ಲಟ್ಟಿಸೂದು ಬಿಟ್ಟು
ನೆಲಕ್ಕ ಕೂತು ನಕ್ಕ.
ಅವತ್ತಿನಿಂದ ನನ್ನ ಹೆಸರು ರಿವರ್ಸ್.
ಮೊನ್ನೆ ನೀನೂ ಕರದೆಲ್ಲ, ಯಾಕಂತ ಕೇಳದ.

ಇಕಾ ಕಲ್ಲು. ನನ್ನ ಕಿಸೇದಾಗ ಮೂರು ವರ್ಷ ಇದ್ದು
ಸಾಬೂನಿನಷ್ಟು ನುಣ್ಣಗಾಗೇತಿ. ಒಮ್ಮೆನೂ ಒಗದಿಲ್ಲ.
ಬಲಗಿಸೇಕ ಹಾಕು. ಬಲಕ್ಕ, ಎಡಕ್ಕಲ್ಲ.

ಸೆಲ್ ಬದಲಿಸಿದ್ಯೋ ಇಲ್ಲೋ?